ನಡೆಯುವ ಮಷೀನಿಗೆ ಎಣ್ಣೆ

ಮೂವತ್ತೊಂದು ವರ್ಷ ನಾನು ರಾಯಚೂರಿನ ಒಂದು ಏಜೆನ್ಸಿಯ ಪರವಾಗಿ ಸ್ಪ್ರೇ ಡಬ್ಬಿ ಮಾರಿದೆ. ಸೆಂಟಿನ ಡಬ್ಬಿಯಲ್ಲ, ನಗಬೇಡಿ. ತುಕ್ಕು ಬಿಡಿಸುವ ಸ್ಪ್ರೇ, ಚೈನಿಗೆ ಹೊಡೆಯುವ ಸ್ಪ್ರೇ, ಕರೆಂಟಿನ ಬೋರ್ಡಿನ ಧೂಳು ತೆಗೆಯುವ ಸ್ಪ್ರೇ, ಬೆಲ್ಟು ಜಾರದಂತೆ ಹಿಡಿಸುವ ಸ್ಪ್ರೇ, ಜೊತೆಗೆ ಗ್ರೀಸು. ಗ್ಯಾರೇಜು, ಹತ್ತಿ ಜಿನ್ನು, ಅಕ್ಕಿ ಮಿಲ್ಲು, ಎಲ್ಲಿ ಕಬ್ಬಿಣ ಕಬ್ಬಿಣಕ್ಕೆ ತಿಕ್ಕುತ್ತದೆಯೋ ಅಲ್ಲಿಗೆ ನಾನು ಹೋಗಬೇಕು. ಜನ ನನ್ನನ್ನು ಸ್ಪ್ರೇ ಶರಣಪ್ಪ ಎಂದೇ ಕರೆಯುತ್ತಿದ್ದರು. ನನ್ನ ಹೆಂಡತಿಯಂತೂ, "ನಿಮ್ಮ ಅಂಗಿ ನೆನಿಹಾಕಿದ್ರ ಬಕೀಟಿನ ತುಕ್ಕೂ ಬಿಡ್ತದ ನೋಡ್ರಿ" ಎಂದು ದಿನಾ ಒಂದು ಸಲವಾದರೂ ಅನ್ನುತ್ತಿದ್ದಳು.

ಹೋದ ತಿಂಗಳು ಏಜೆನ್ಸಿಯವರು ನನ್ನನ್ನು ಕರೆಸಿದ್ದರು. ಹೊಸದಾಗಿ ಮೂವರು ಸೇರಿದ್ದಾರೆ, ಅವರಿಗೆ ಅನುಭವದ ಮಾತು ನಾಲ್ಕು ಹೇಳಿ ಎಂದರು. ಬಸ್ಸು ತಪ್ಪಿದ್ದು, ನಾಯಿ ಬೆನ್ನಟ್ಟಿದ್ದು ಎಲ್ಲ ಹೇಳಿ ನಗಿಸಿದೆ. ಕೊನೆಗೆ ಅವರಲ್ಲಿ ಡಿಪ್ಲೊಮಾ ಮುಗಿಸಿ ಬಂದ ಹುಡುಗಿಯೊಬ್ಬಳು ಕೇಳಿದಳು: "ಸರ್, ನಿಮ್ಮ ಎಲ್ಲಾಕ್ಕಿಂತ ದೊಡ್ಡ ಆರ್ಡರ್ ಯಾವುದ್ರೀ? ಹೆಂಗ ಹೊಡದ್ರಿ ಅದನ್ನ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಮಾನ್ವಿಯ ಒಂದು ಅಕ್ಕಿ ಮಿಲ್ಲು. ಆ ಆರ್ಡರು ಹಿಡಿದ ರೀತಿಯಿಂದ ಒಬ್ಬ ಒಳ್ಳೆಯ ಮಿಸ್ತ್ರಿಯ ಮೂರು ಬೆರಳು ಹೋದವು. ಆಮೇಲೆ ನಾನು ಹೇಳಿದ ಒಂದು ಸುಳ್ಳಿನಿಂದ ಆತನ ಮಾತಿನ ಮೇಲೆ ಆತನ ಹೆಂಡತಿಗಿದ್ದ ನಂಬಿಕೆ ಹೋಯಿತು. ಇದನ್ನು ಆ ಮಕ್ಕಳ ಮುಂದೆ ಹೇಳಲು ನನ್ನ ಬಾಯಿ ಬರಲಿಲ್ಲ. "ಚಹಾ ಆರಾಕತ್ತದ, ಕುಡೀರಿ" ಎಂದು ಎದ್ದುಬಿಟ್ಟೆ. ಅಂದು ಹೇಳದೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಧಂದೆಗೆ ಬರುವವರು ಬೇರೆ ಏನು ಓದದಿದ್ದರೂ ಇದನ್ನು ಓದಬೇಕು.

ಮೊದಲು ಆಗಿನ ಕಾಲ ಹೇಗಿತ್ತೆಂದು ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಸ್ಪ್ರೇ ಅಂದರೆ ಬಣ್ಣ ಹೊಡೆಯುವುದು, ಅಷ್ಟೆ. ತುಕ್ಕು ಹಿಡಿದ ಬೋಲ್ಟಿಗೆ ಸೀಮೆಎಣ್ಣೆ, ಚೈನಿಗೆ ಇಂಜಿನ್ನಿನಿಂದ ತೆಗೆದ ಸುಟ್ಟ ಎಣ್ಣೆ, ಬಾಗಿಲಿನ ಬಿಜಾಗರಿಗೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ. ಅದು ಚೆನ್ನಾಗಿಯೇ ನಡೆದಿತ್ತು. ಇದ್ದದ್ದನ್ನು ಬಿಡಿಸಿ ಇಲ್ಲದ್ದನ್ನು ಕೊಳ್ಳಿಸುವುದು ನನ್ನ ಕೆಲಸ. ಡಬ್ಬಿ ತೋರಿಸಿದರೆ, "ಇದರಾಗ ಗಾಳಿ ತುಂಬ್ಯಾರ ಬಿಡಪಾ" ಎಂದು ತಿರುಗಿ ಕೂಡ ನೋಡುತ್ತಿರಲಿಲ್ಲ. ಹಾಗಾಗಿ ಕಣ್ಣೆದುರಿಗೇ ಹೊಡೆದು ತೋರಿಸಬೇಕಿತ್ತು.

ದೇವದುರ್ಗದಲ್ಲಿ ಹಾಗೆ ತೋರಿಸಲು ಹೋಗಿ ಮರ್ಯಾದೆ ಕಳೆದುಕೊಂಡೆ. ಬಸ್ ಸ್ಟ್ಯಾಂಡಿನ ಹತ್ತಿರದ ಗ್ಯಾರೇಜಿನಲ್ಲಿ ಒಂದು ಬೈಕು ಬ್ರೇಕು ಹಿಡಿದಾಗಲೆಲ್ಲ ಕಿರ್ ಎನ್ನುತ್ತಿತ್ತು. "ಈಗ ನೋಡ್ರಿ ಮಜಾ" ಎಂದು ಬ್ರೇಕಿನ ತಟ್ಟೆಗೇ ಚೈನಿನ ಸ್ಪ್ರೇ ಹೊಡೆದೆ. ಮೆಕ್ಯಾನಿಕ್ಕು ಬೈಕು ಹತ್ತಿ ಹೊರಟ. ಸದ್ದು ನಿಂತಿತ್ತು. ಬ್ರೇಕೂ ನಿಂತಿತ್ತು! ಬೈಕು ಸೀದಾ ಎದುರಿನ ಮಿರ್ಚಿ ಬಜ್ಜಿಯ ಬಂಡಿಗೆ ಹೋಗಿ ಬಿತ್ತು. ದೇವರು ದೊಡ್ಡವನು, ಇನ್ನೂ ಒಲೆ ಹಚ್ಚಿರಲಿಲ್ಲ. ಬಾಣಲೆ ಬೋರಲಾಗಿ ಎಣ್ಣೆಯೆಲ್ಲ ರಸ್ತೆಗೆ ಹರಿಯಿತು. ಬಂಡಿಯ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು. "ಎಣ್ಣಿ ಮಾರಾಕ ಬಂದಿ ಬಾಡ್ಯಾ, ನನ್ನ ಎಣ್ಣಿ ಎಲ್ಲಾ ನೆಲಕ್ಕ ಕುಡಿಸಿದೆಲ್ಲೋ! ನಿನ್ನ ಧಂದೇಕ ಬೆಂಕಿ ಬೀಳ್ಲಿ!" ಆಮೇಲೆ ಎಷ್ಟೋ ವರ್ಷ ದೇವದುರ್ಗದಲ್ಲಿ ನಾನು ಬಸ್ಸಿಳಿದರೆ ಸಾಕು, ಯಾರಾದರೊಬ್ಬರು, "ಯಕ್ಕಾ, ಬಂಡಿ ಸರಿಸ್ಕೋ, ಶರಣಪ್ಪ ಬಂದಾನ" ಎಂದು ಕೂಗುತ್ತಿದ್ದರು.

ನಾನೂ ಅವರ ಜೊತೆ ನಕ್ಕೆ. ಸದ್ದು ನಿಂತ ಮಾತ್ರಕ್ಕೆ ಕೆಲಸ ನೆಟ್ಟಗಾಯಿತು ಎಂದಲ್ಲ ಅನ್ನುವುದನ್ನು ಅವತ್ತೇ ತಿಳಿದುಕೊಳ್ಳಬೇಕಿತ್ತು. ತಿಳಿದುಕೊಳ್ಳಲಿಲ್ಲ.

ನಮ್ಮ ಮೇಲಿನ ಸಾಹೇಬರು ಹುಬ್ಬಳ್ಳಿಯಲ್ಲಿರುತ್ತಿದ್ದರು. ತಿಂಗಳಿಗೊಮ್ಮೆ ಬರುವರು. ಮನುಷ್ಯ ಕೆಟ್ಟವರಲ್ಲ. ನನ್ನ ಮಗಳಿಗೆ ಕಾಮಾಲೆಯಾದಾಗ ತಾವೇ ಡಾಕ್ಟರಿಗೆ ಫೋನು ಮಾಡಿ ಹೇಳಿದವರು. ಆದರೆ ಮಾರಾಟದ ಮಾತು ಬಂದರೆ ಕಣ್ಣು ಕೆಂಪಗಾಗುತ್ತಿತ್ತು. "ಏನಪಾ ಶರಣಪ್ಪ, ನಿಂತ ಮಷೀನಿಗೆ ಹೊಡದು ಏನು ತೋರಸ್ತಿ? ಕಿರ್ ಅನ್ನೂ ಚೈನಿಗೆ ಹೊಡಿ. ಮಾಲಕನ ಎದುರಿಗೇ ಗಪ್ಪಾಗಬೇಕು ಅದು. ಮಷೀನ್ ನಿಲ್ಲಸ್ರಿ ಅಂದಿ ಅಂದ್ರ ಮಾಲಕ ಎದ್ದು ಹೋಗ್ತಾನ" ಎಂದು ಕಲಿಸಿಕೊಟ್ಟವರು ಅವರು. ಆಗ ನಮ್ಮ ಧಂದೆಯಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಎಲ್ಲರೂ ಮಾಡುತ್ತಿದ್ದರು ಎಂಬುದು ನನಗೆ ಮಾಫಿಯಲ್ಲ, ಇದ್ದದ್ದನ್ನು ಹೇಳಿದೆ.

ಇನ್ನು ಮಾನ್ವಿಯ ಮಿಲ್ಲು. ಊರಿನ ಹೊರಗೆ, ರಾಯಚೂರು ರಸ್ತೆಗೆ ಹತ್ತಿಕೊಂಡೇ ಇತ್ತು. ಸುಗ್ಗಿಯಲ್ಲಿ ಭತ್ತದ ಲಾರಿಗಳು ಗೇಟಿನಿಂದ ಹೊರಗೆ ಸಾಲು ಹಚ್ಚುತ್ತಿದ್ದವು. ಅಲ್ಲಿ ಮಷೀನು ನೋಡಿಕೊಳ್ಳುತ್ತಿದ್ದ ಮಿಸ್ತ್ರಿ ಖಾಜಾಸಾಬ್. ತೆಳ್ಳಗಿನ ಆಳು, ಕಿವಿಯ ಮೇಲೆ ಯಾವಾಗಲೂ ಒಂದು ಸಣ್ಣ ಪೆನ್ಸಿಲು. ಆತನನ್ನು ನಾನು ಖಾಜಾಭಾಯ್ ಅನ್ನುತ್ತಿದ್ದೆ, ಆತ ನನ್ನನ್ನು ಅಣ್ಣ ಅನ್ನುತ್ತಿದ್ದ. ಮಷೀನಿಗೆ ಕಿವಿ ಕೊಟ್ಟು ಯಾವ ಬೇರಿಂಗು ಹೋಗುತ್ತದೆಂದು ಎಂಟು ದಿನ ಮೊದಲೇ ಹೇಳುವ ಮನುಷ್ಯ.

ಆ ಮಿಲ್ಲಿನಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಅಮಾವಾಸ್ಯೆಗೆ ಎಲ್ಲ ಮಷೀನೂ ನಿಲ್ಲಬೇಕು. ಬೆಳಿಗ್ಗೆಯೇ ಖಾಜಾಭಾಯ್ ಮೇನ್ ಸ್ವಿಚ್ಚು ಇಳಿಸಿ, ಫ್ಯೂಸು ಕಿತ್ತು ತನ್ನ ಅಂಗಿಯ ಕಿಸೆಯಲ್ಲಿ ಹಾಕಿಕೊಳ್ಳುತ್ತಿದ್ದ. ಆಮೇಲೆ ಚೈನು, ಚಕ್ರಗಳ ಮೇಲೆ ಮುಚ್ಚಿದ ತಗಡಿನ ಗಾರ್ಡುಗಳನ್ನು ಒಂದೊಂದೇ ಬಿಚ್ಚಿ, ಚೈನು ಒರೆಸಿ, ಎಣ್ಣೆ ಗ್ರೀಸು ಹಚ್ಚಿ, ಮತ್ತೆ ಗಾರ್ಡು ಕೂಡಿಸುವುದು. ಸಂಜೆ ಮಾಲೀಕರು ಬಂದು ನಿಂಬೆಹಣ್ಣು ಕೊಯ್ದು, ಕಾಯಿ ಒಡೆದು ಪೂಜೆ ಮಾಡುವರು. ಖಾಜಾಭಾಯ್ ಟೊಪ್ಪಿಗೆ ಹಾಕಿಕೊಂಡು ಒಂದು ಪಕ್ಕಕ್ಕೆ ಕೈಕಟ್ಟಿ ನಿಲ್ಲುವನು. ಕಾಯಿ ಒಡೆದ ಮೇಲೆ ಆತನೇ ಕಿಸೆಯಿಂದ ಫ್ಯೂಸು ತೆಗೆದು ಹಾಕಬೇಕು. ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಹೀಗೆ ಎಷ್ಟು ವರ್ಷ ನಡೆದಿತ್ತೋ, ಆ ಮಿಲ್ಲಿನಲ್ಲಿ ಒಬ್ಬರಿಗೂ ಉಗುರು ಕೂಡ ಹೋಗಿರಲಿಲ್ಲ.

ಒಂದು ಸುಗ್ಗಿಯಲ್ಲಿ ನಾನು ಅಲ್ಲಿಗೆ ಹೋದಾಗ ಭತ್ತವನ್ನು ಮೇಲಕ್ಕೆತ್ತುವ ಎಲಿವೇಟರಿನ ಚೈನು ಕಿರುಚುತ್ತಿತ್ತು. ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನ. ಮಾಲೀಕರು ಆಫೀಸಿನಿಂದ ಹೊರಗೆ ಬಂದು ತಲೆ ಹಿಡಿದುಕೊಂಡು ನಿಂತಿದ್ದರು. ಇದಕ್ಕಿಂತ ಒಳ್ಳೆಯ ಸಂದರ್ಭ ನನಗೆ ಎಲ್ಲಿ ಸಿಗಬೇಕು! ಚೀಲದಿಂದ ಡಬ್ಬಿ ತೆಗೆದೆ. ಡಬ್ಬಿಯ ಮೂತಿಗೆ ಸಿಕ್ಕಿಸಲು ಗೇಣುದ್ದದ ಒಂದು ತೆಳು ಕೆಂಪು ಪೈಪು ಬರುತ್ತದೆ, ಕೈ ದೂರವಿಟ್ಟು ಸಂದಿಯೊಳಗೆ ಎಣ್ಣೆ ಹೊಡೆಯಲು. ಅದನ್ನು ಸಿಕ್ಕಿಸಿ, "ಗಾರ್ಡ್ ಬಿಚ್ರಿ" ಎಂದೆ.

ಖಾಜಾಭಾಯ್ ಸ್ವಿಚ್ಚಿನ ಕಡೆ ಹೊರಟ. "ನಿಲ್ಲಸೂದು ಬ್ಯಾಡ, ನಡಿಲಿ" ಎಂದೆ.

ಆತ ನಿಂತು ನನ್ನ ಮುಖ ನೋಡಿದ. "ಅಣ್ಣ, ನಡಿಯೋ ಮಷೀನಿನ ಗಾರ್ಡ್ ಬಿಚ್ಚಬಾರ್ದು. ನಮ್ಮ ಉಸ್ತಾದ್ ಮೊದಲನೇ ದಿನ ಕಲಿಸಿದ್ದೇ ಇದು. ಅಮಾಸಿಗೆ ನಿಲ್ತದಲ್ಲ, ಅವತ್ತು ನಿಮ್ಮ ಡಬ್ಬಿನೂ ಹೊಡಿಯೂಣ. ನಾ ಬ್ಯಾಡ ಅನ್ನಂಗಿಲ್ಲ."

ಮಾಲೀಕರು ಗಡಿಯಾರ ನೋಡಿಕೊಂಡರು. ಆರ್ಡರು ಕೈಬಿಟ್ಟು ಹೋಗುತ್ತದೆ ಎನಿಸಿತು ನನಗೆ. ಆಗ ಒಂದು ಮಾತು ಆಡಿದೆ. ಇಂದಿಗೂ ಅದನ್ನು ನೆನೆದರೆ ಮುಖಕ್ಕೆ ಹೊಡೆದುಕೊಳ್ಳಬೇಕು ಎನಿಸುತ್ತದೆ. "ಏನ್ ಖಾಜಾಭಾಯ್, ಅಮಾಸಿ ಸೂಟಿ ತಪ್ತದ ಅಂತ ಸಂಕಟ ಏನು?"

ಮಾಲೀಕರು ನಕ್ಕರು. ಹಮಾಲರೂ ನಕ್ಕರು. ಖಾಜಾಭಾಯ್‌ನ ಮುಖ ಸಣ್ಣದಾಯಿತು. "ಸೂಟಿ ಎಲ್ಲೈತಣ್ಣ, ಅವತ್ತೇ ನನಗ ಜಾಸ್ತಿ ಕೆಲಸ" ಎಂದು ಮೆಲ್ಲಗೆ ಹೇಳಿ, ಗಾರ್ಡು ಬಿಚ್ಚಿದ. ನಾನು ಪೈಪಿನ ತುದಿ ಒಳಗೆ ಹಿಡಿದು ಹೊಡೆದೆ. ಎರಡು ಸುತ್ತು ತಿರುಗುವಷ್ಟರಲ್ಲಿ ಚೈನು ಗಪ್ಪಾಯಿತು. "ಶಬ್ಬಾಸ್!" ಎಂದರು ಮಾಲೀಕರು. ಇಡೀ ವರ್ಷದ ಆರ್ಡರು ಅಲ್ಲೇ ಆಯಿತು. ಆ ಸುಗ್ಗಿಯಿಂದ ಅಮಾವಾಸ್ಯೆಗೆ ಕಾಯಿ ಒಡೆಯುವುದು ಮಾತ್ರ ಉಳಿಯಿತು, ಮಷೀನು ನಿಲ್ಲುವುದು ಹೋಯಿತು. ನನಗೆ ಹುಬ್ಬಳ್ಳಿಯ ಸಾಹೇಬರು ಎಲ್ಲರೆದುರು ಶಾಲು ಹೊದಿಸಿದರು.

ಆ ಕೆಂಪು ಪೈಪನ್ನು ಆಗ ಡಬ್ಬಿಯ ಮೈಗೆ ಟೇಪಿನಿಂದ ಅಂಟಿಸಿರುತ್ತಿದ್ದರು. ಎರಡು ದಿನ ಬಳಸುವುದರೊಳಗೆ ಎಲ್ಲಿಯೋ ಬಿದ್ದು ಹೋಗುತ್ತಿತ್ತು. ಎಲ್ಲರೂ ಕಳೆಯುತ್ತಿದ್ದರು, ನಾನೂ ಕಳೆದಿದ್ದೇನೆ. ಖಾಜಾಭಾಯ್ ಬಹಳ ದಿನ ಕಾಪಾಡಿಕೊಂಡಿದ್ದ. ಕೊನೆಗೆ ಆತನದೂ ಹೋಯಿತು. "ಅಣ್ಣ, ಪೈಪ್ ಹೋಗ್ಯಾದ, ಬರೂವಾಗ ಒಂದು ತರ್ರಿ" ಎಂದ. ಹೂಂ ಎಂದೆ, ಮರೆತೆ. ಮುಂದಿನ ಸಲ ಮತ್ತೆ ಕೇಳಿದ. ಮತ್ತೆ ಮರೆತೆ. ರಾಯಚೂರಿನಲ್ಲಿ ನಮ್ಮ ಏಜೆನ್ಸಿಯ ಅಂಗಡಿಯ ಡ್ರಾದಲ್ಲಿ ಅಂಥ ಪೈಪುಗಳು ಹಿಡಿಗಟ್ಟಲೆ ಬಿದ್ದಿರುತ್ತಿದ್ದವು.

ಮೂರನೆಯ ಸಲ ಕೇಳಿದಾಗ ನಾನು ದೇವದುರ್ಗದ ಬಸ್ಸಿಗೆ ಅವಸರದಲ್ಲಿದ್ದೆ. ಗೇಟಿನ ತನಕ ನನ್ನ ಹಿಂದೆ ಬಂದು ಕೇಳಿದ. ನನಗೆ ಸಿಟ್ಟು ಬಂತು. ಮರೆತದ್ದು ನಾನು, ಸಿಟ್ಟು ಆತನ ಮೇಲೆ. "ಅಯ್ಯ, ಪೈಪ್ ಇಲ್ಲಂದ್ರ ಏನಾತೋ ಮಾರಾಯ? ಡಬ್ಬೀನ ಹತ್ರ ಹಿಡಿದು ಹೊಡಿ. ಏನೂ ಆಗಂಗಿಲ್ಲ" ಎಂದು ಹೇಳಿ ಬಸ್ಸು ಹತ್ತಿದೆ.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದಾಗ ಮಾನ್ವಿಯಿಂದ ಫೋನು ಬಂತು. ಖಾಜಾಸಾಬ್ ಡಬ್ಬಿಯನ್ನು ಚೈನಿನ ಹತ್ತಿರ ಹಿಡಿದು ಹೊಡೆಯುತ್ತಿದ್ದಾಗ ಅಂಗಿಯ ತೋಳು ಹಲ್ಲಿನ ಚಕ್ರಕ್ಕೆ ಸಿಕ್ಕಿದೆ. ಬಲಗೈಯ ಮೂರು ಬೆರಳು ಹೋಗಿವೆ. ಹೆಬ್ಬೆರಳು, ತೋರುಬೆರಳು ಎರಡೇ ಉಳಿದಿವೆ. ರಾಯಚೂರಿನ ಆಸ್ಪತ್ರೆಗೆ ಕರೆತರುತ್ತಿದ್ದಾರೆ.

ಆ ಆಸ್ಪತ್ರೆ ನಮ್ಮ ಅಂಗಡಿಯಿಂದ ನಡೆದು ಹೋಗುವಷ್ಟು ದೂರ. ಖಾಜಾಭಾಯ್ ಹದಿನೇಳು ದಿನ ಅಲ್ಲಿದ್ದ. ನಾನು ಹೋಗಲಿಲ್ಲ. ಒಂದು ದಿನ ಮೋಸಂಬಿ ಕಟ್ಟಿಸಿಕೊಂಡು ಗೇಟಿನ ತನಕ ಹೋದೆ, ಕಾವಲುಗಾರನ ಕೈಗೆ ಕೊಟ್ಟು ತಿರುಗಿ ಬಂದೆ.

ಮಿಲ್ಲಿನಲ್ಲಿ ವಿಚಾರಣೆಯಾಯಿತು. ನನ್ನನ್ನೂ ಕರೆದರು. ಹೋಗುವ ಮೊದಲು ಹುಬ್ಬಳ್ಳಿಯ ಸಾಹೇಬರು ಫೋನಿನಲ್ಲಿ ಹೇಳಿದರು: "ಡಬ್ಬಿ ಮ್ಯಾಲ ಏನು ಬರದೈತಿ ಅಷ್ಟ ಹೇಳು. ಒಂದು ಅಕ್ಷರ ಹೆಚ್ಚು ಬ್ಯಾಡ. ನಿನ್ನ ಮಕ್ಕಳು ಮರಿ ನೆನಸ್ಕೋ." ಡಬ್ಬಿಯ ಮೇಲೆ ಇರುವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿ, ಮಷೀನು ನಿಲ್ಲಿಸಿದ ಮೇಲೆಯೇ ಬಳಸಬೇಕು ಎಂದು ಬರೆದಿತ್ತು. ಅದನ್ನು ನಾನು ಅಷ್ಟು ವರ್ಷದಲ್ಲಿ ಒಬ್ಬ ಮಿಸ್ತ್ರಿಗೂ ಓದಿ ಹೇಳಿರಲಿಲ್ಲ.

ವಿಚಾರಣೆಗೆ ಬಂದವರು ಕೇಳಿದರು: "ನಡೆಯುವ ಮಷೀನಿಗೆ ಹೊಡೆಯಿರಿ ಎಂದು ನೀವು ಹೇಳಿದ್ದಿರಾ?"

"ಇಲ್ಲ ಸರ್. ನಿಲ್ಲಿಸಿ ಹೊಡೀಬೇಕು ಅಂತ ಡಬ್ಬಿ ಮ್ಯಾಲೇ ಬರದದ" ಎಂದೆ.

ಮಾಲೀಕರು ಕಿಟಕಿಯ ಕಡೆ ನೋಡುತ್ತಿದ್ದರು. ಅಂದು ಅವರೂ ಅಲ್ಲೇ ನಿಂತು ಶಬ್ಬಾಸ್ ಎಂದವರು. ಕೆಲಸಗಾರನ ಸ್ವಂತ ಅಜಾಗರೂಕತೆ ಎಂದು ಕಾಗದದ ಮೇಲೆ ಬರೆದರು. ನನ್ನ ಸಹಿ ತೆಗೆದುಕೊಂಡರು. ಆಸ್ಪತ್ರೆಯಲ್ಲಿ ಮಲಗಿದವನನ್ನು ಕೇಳಿದರೋ ಇಲ್ಲವೋ ನನಗೆ ತಿಳಿಯದು. ನಾನಾಗಿ ಕೇಳಲಿಲ್ಲ.

ಒಂದು ತಿಂಗಳಾದ ಮೇಲೆ ಒಬ್ಬ ಹೆಣ್ಣುಮಗಳು ಬುರ್ಖಾದಲ್ಲಿ ನಮ್ಮ ಅಂಗಡಿಗೆ ಬಂದಳು. ಮುಖದ ಪರದೆ ಸರಿಸಿ, "ನಾನು ಖಾಜಾಸಾಬರ ಮನಿಯಾಕಿ. ರಜಿಯಾ" ಎಂದಳು. ಜಗಳಕ್ಕೆ ಬಂದಿದ್ದಾಳೆ, ನಾಲ್ಕು ಜನರ ಮುಂದೆ ಮಾನ ಹರಾಜಾಗುತ್ತದೆ ಎಂದುಕೊಂಡೆ. ಕುರ್ಚಿ ಕೊಟ್ಟರೂ ಕೂಡಲಿಲ್ಲ.

"ಭಾಯ್‌ಸಾಬ್, ನಾ ಬೈಯಾಕ ಬಂದಿಲ್ಲ. ಒಂದು ಮಾತು ಕೇಳಾಕ ಬಂದೀನಿ. ನಮ್ಮನಿಯವರು ಹೇಳ್ತಾರ, ಹತ್ರ ಹಿಡಿದು ಹೊಡಿ, ಏನೂ ಆಗಂಗಿಲ್ಲ ಅಂತ ನೀವೇ ಅಂದಿದ್ರಂತ. ಮಿಲ್ಲಿನವರು ಹೇಳ್ತಾರ, ಅವರು ಹಂಗಂದೇ ಇಲ್ಲ, ಇವನೇ ಮೈಮ್ಯಾಲ ಎಚ್ಚರಿಲ್ದ ಕೈ ಕೊಟ್ಟಾನ ಅಂತ. ಬೆರಳು ಹೋದದ್ದು ಹೋತು. ಅಲ್ಲಾ ಕೊಟ್ಟಿದ್ದ, ಅಲ್ಲಾ ತಗೊಂಡ. ಆದ್ರ ನಾ ಯಾರ ಮಾತು ನಂಬಬೇಕು? ಅದೊಂದು ಹೇಳ್ರಿ."

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಸಹಿ ಮಾಡಿದ ಕಾಗದ ಕಣ್ಣಮುಂದೆ ಬಂತು. ನಾನು ಹೇಳಿದೆ: "ಇಲ್ಲ ಯವ್ವಾ. ನಾ ಹಂಗಂದಿಲ್ಲ."

ಆಕೆ, "ಹಂಗಾದ್ರ ನಮ್ಮನಿಯವರು ನನಗ ಸುಳ್ಳು ಹೇಳ್ಯಾರ" ಎಂದಳು. ನನಗೆ ಹೇಳಿದ್ದಲ್ಲ, ತನಗೆ ತಾನೇ ಹೇಳಿಕೊಂಡದ್ದು. ಪರದೆ ಎಳೆದುಕೊಂಡು ಮೆಟ್ಟಿಲಿಳಿದು ಹೋದಳು. ಹಿಂದೆ ಓಡಿ ಹೋಗಿ ಕರೆಯಬೇಕಿತ್ತು. ಬೀದಿಯ ತಿರುವಿನ ತನಕ ಆಕೆ ಕಾಣುತ್ತಲೇ ಇದ್ದಳು, ಅಷ್ಟು ಸಮಯವಿತ್ತು ನನಗೆ. ನಾನು ಗಿರಾಕಿಗೆ ಗ್ರೀಸು ತೂಗಿ ಕೊಟ್ಟೆ.

ಆಮೇಲೂ ಹನ್ನೆರಡು ವರ್ಷ ಇದೇ ಕೆಲಸ ಮಾಡಿದೆ. ನಡೆಯುವ ಮಷೀನಿಗೆ ಮತ್ತೆಂದೂ ಹೊಡೆಯಲಿಲ್ಲ. ಮಟಮಾರಿಯ ಹತ್ತಿರದ ಒಂದು ಜಿನ್ನಿನಲ್ಲಿ ಮಾಲೀಕ, "ನಿಲ್ಲಸಂಗಿಲ್ಲ, ಬೇಕಿದ್ರ ಹಂಗೇ ಹೊಡಿ, ಇಲ್ಲಂದ್ರ ನಡಿ" ಎಂದ. ಚೀಲ ಎತ್ತಿಕೊಂಡು ನಡೆದೆ. ಅಂಥವು ಎಷ್ಟೋ. ಸಾಹೇಬರು ಬೈದರು, ನನಗಿಂತ ಚಿಕ್ಕವರು ನನ್ನ ತಲೆಯ ಮೇಲೆ ಬಂದು ಕೂತರು. ಕಿಸೆಯಲ್ಲಿ ಯಾವಾಗಲೂ ಒಂದು ಹಿಡಿ ಕೆಂಪು ಪೈಪು ಇಟ್ಟುಕೊಂಡಿರುತ್ತಿದ್ದೆ. ಕೇಳಿದವರಿಗೂ ಕೊಟ್ಟೆ, ಕೇಳದವರಿಗೂ ಕೊಟ್ಟೆ. ಜನ ನಗುತ್ತಿದ್ದರು, "ಶರಣಪ್ಪಗ ಪೈಪಿನ ಹುಚ್ಚು ಹಿಡದದ" ಎಂದು. ಮಾನ್ವಿಗೆ ಹೋದರೂ ಖಾಜಾಭಾಯ್‌ನ ಓಣಿ ತಪ್ಪಿಸಿ ಸುತ್ತುಹಾಕಿ ಹೋಗುತ್ತಿದ್ದೆ. ಎಷ್ಟು ಜನ ಮಿಸ್ತ್ರಿಗಳಿಗೆ ಬುದ್ಧಿ ಹೇಳಿದರೇನು, ಹೇಳಬೇಕಾದ ಒಬ್ಬಾಕೆಗೆ ಹೇಳಲಿಲ್ಲವಲ್ಲ.

ನಿವೃತ್ತಿಗೆ ಒಂದೆರಡು ವರ್ಷವಿರುವಾಗ ಹೊಸ ನಮೂನೆಯ ಡಬ್ಬಿ ಬಂತು. ಅದರಲ್ಲಿ ಪೈಪು ಮೂತಿಗೇ ಕೂಡಿಕೊಂಡಿರುತ್ತದೆ. ಎತ್ತಿದರೆ ಉದ್ದಕ್ಕೆ ನಿಲ್ಲುತ್ತದೆ, ಮಡಚಿದರೆ ಮಲಗುತ್ತದೆ, ಕಳೆಯುವ ಮಾತೇ ಇಲ್ಲ. ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆ ಒಡೆದು ಮೊದಲ ಡಬ್ಬಿ ಕೈಗೆತ್ತಿಕೊಂಡವನು, ಆ ಪೈಪನ್ನು ಎತ್ತಿ ಮಡಚಿ, ಎತ್ತಿ ಮಡಚಿ ನೋಡಿದೆ. ಆಮೇಲೆ ಅಲ್ಲೇ ಪೆಟ್ಟಿಗೆಯ ಮೇಲೆ ಕುಳಿತು ಅತ್ತುಬಿಟ್ಟೆ. ಇಷ್ಟು ಸಣ್ಣ ಕೆಲಸ, ಯಾರೋ ಮನಸ್ಸು ಮಾಡಿದ್ದಕ್ಕೆ ಆಯಿತು. ಡ್ರಾದಿಂದ ಒಂದು ಪೈಪು ಎತ್ತಿ ಕಿಸೆಗೆ ಹಾಕಿಕೊಳ್ಳಲು ನನಗೆ ಮನಸ್ಸು ಬಂದಿರಲಿಲ್ಲ.

ಆ ಡಿಪ್ಲೊಮಾ ಹುಡುಗಿ ಪ್ರಶ್ನೆ ಕೇಳಿದ ಮರುದಿನ ಬೆಳಿಗ್ಗೆ ನಾನು ಮಾನ್ವಿಯ ಬಸ್ಸು ಹತ್ತಿದೆ. ಎಲ್ಲಿಗೆ ಎಂದು ಹೆಂಡತಿ ಕೇಳಿದಳು. ಹೇಳಿದೆ, ಎಲ್ಲವನ್ನೂ, ಮೊದಲ ಸಲ. ಆಕೆ ಬಯ್ಯಲಿಲ್ಲ. "ಇಷ್ಟು ದಿನ ಇದನ್ನ ಹೊಟ್ಟ್ಯಾಗ ಇಟ್ಕೊಂಡು ಹೆಂಗ ಉಂಡ್ರಿ?" ಎಂದಳು.

ಖಾಜಾಭಾಯ್ ಮನೆಯ ಬಾಗಿಲಲ್ಲೇ ಕುಳಿತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಗುರುತು ಹಿಡಿಯಲು ಒಂದು ಗಳಿಗೆ ಕೂಡ ತೆಗೆದುಕೊಳ್ಳಲಿಲ್ಲ. "ಬರ್ರಿ ಅಣ್ಣ, ಒಳಗ ಬರ್ರಿ" ಎಂದ. ಸೊಸೆ ನೀರು ತಂದಿಟ್ಟು, ಚಹಾ ಮಾಡಲು ಒಳಗೆ ಹೋದಳು. ನಾನು ಪೀಠಿಕೆ ಹಾಕಲಿಲ್ಲ. ಹಾಕಿದರೆ ಧೈರ್ಯ ಹೋಗುತ್ತದೆಂದು ಗೊತ್ತಿತ್ತು. ಗೇಟಿನ ಹತ್ತಿರ ನಾನಾಡಿದ ಮಾತು, ವಿಚಾರಣೆಯಲ್ಲಿ ಹೇಳಿದ ಸುಳ್ಳು, ಅಂಗಡಿಯಲ್ಲಿ ಆತನ ಹೆಂಡತಿಗೆ ಹೇಳಿದ ಸುಳ್ಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಆತ ತಲೆ ಅಲ್ಲಾಡಿಸುತ್ತ ಕೇಳಿದ. "ಇದು ನನಗ ಗೊತ್ತಿಲ್ಲೇನಣ್ಣ? ನನ್ನ ಕಿವಿಯಿಂದನೇ ಕೇಳಿದ್ದು. ನನಗ್ಯಾಕ ಹೇಳ್ತೀರಿ?"

"ತಂಗೀನ ಕರೀರಿ ಖಾಜಾಭಾಯ್. ಆಕಿ ಮುಂದ ಹೇಳ್ತೀನಿ" ಎಂದೆ.

"ಆಕಿ ಎಲ್ಲಿದ್ದಾಳ? ಹೋದ ರಂಜಾನ್‌ಗೆ ಮೊದಲೇ ಹೋಗಿಬಿಟ್ಟಳು. ಎದಿನೋವು ಅಂದ್ಲು, ಮೂರು ದಿನ."

ಆತ ಎರಡು ಬೆರಳಿನ ಕೈಯಿಂದಲೇ ನೀರಿನ ಲೋಟ ಹಿಡಿದು ನನ್ನ ಮುಂದೆ ಚಾಚಿದ. ಕುಡಿದೆ. ಆಮೇಲೆ ಆತ ಮೂಲೆಯಲ್ಲಿದ್ದ ಹೊಲಿಗೆ ಮಷೀನು ತೋರಿಸಿದ. ಅದರ ಮೇಲೆ ಹೂವಿನ ಬಟ್ಟೆ ಹೊದಿಸಿತ್ತು.

"ನನ್ನ ಕೈ ಹೋದ ಮ್ಯಾಲ ಆಕಿ ಇದರ ಮ್ಯಾಲೇ ಮನಿ ನಡೆಸಿದ್ಲು. ಓಣಿಯವರ ಜಂಪರು, ಲಂಗಾ. ಆಕಿ ಕಡೀತನಕ ನನಗ ಕೆಟ್ಟ ಮಾತು ಆಡಿಲ್ಲ, ಸುಳ್ಳು ಹೇಳಬಾರ್ದು. ಆದ್ರ ಈ ಮಷೀನ್ ಕಿರ್ ಅಂದಾಗೆಲ್ಲ ನಾ ಎಣ್ಣಿ ಬಿಡಾಕ ಎದ್ರ, 'ಬ್ಯಾಡ್ರಿ, ನಿಮಗ ಎಚ್ಚರ ಇರಂಗಿಲ್ಲ, ಇದಕ್ಕೂ ಒಂದು ಬೆರಳು ಕೊಡ್ತೀರಿ' ಅಂತಿದ್ಲು. ಬಜಾರದಾಗಿನ ಮಿಸ್ತ್ರಿ ಕಡೆ ಹೊತ್ಕೊಂಡು ಹೋಗ್ತಿದ್ಲು ಅಣ್ಣ. ಮಿಸ್ತ್ರಿ ಮನ್ಯಾಗೇ ಕುಂತಿದ್ದ." ಆತ ಖಾಲಿ ಲೋಟ ಪಕ್ಕಕ್ಕಿಟ್ಟ. "ಮೊದಮೊದಲು ಹೇಳ್ತಿದ್ದೆ, ನನ್ನದು ತಪ್ಪಲ್ಲೇ, ಅವರು ಹಂಗಂದಿದ್ರು ಅಂತ. ಆಕಿ, 'ನಾನೇ ಹೋಗಿ ಕೇಳಿ ಬಂದೀನ್ರಿ' ಅಂದ್ಲು. ಅವತ್ತಿಂದ ಹೇಳೂದು ಬಿಟ್ಟೆ."

ನಾನು ಆತನ ಕಾಲು ಹಿಡಿಯಲು ಬಾಗಿದೆ. ಎಳೆದು ಕೂರಿಸಿದ. "ಅದೆಲ್ಲ ಬ್ಯಾಡ" ಎಂದ. ಮಾಫ್ ಮಾಡಿದೆ ಎಂದು ಆತ ಹೇಳಲಿಲ್ಲ. ನಾನೂ ಬಾಯಿಬಿಟ್ಟು ಕೇಳಲಿಲ್ಲ.

ಚಹಾ ಬಂತು. ಕುಡಿದಾದ ಮೇಲೆ ಆತ ಮೊಮ್ಮಗಳ ನೋಟುಬುಕ್ಕಿನಿಂದ ಒಂದು ಹಾಳೆ ಹರಿದು ತಂದ. "ಅವರು ಬರದದ್ದು ಕಾಗದದಾಗ ಅದ. ನಿಮ್ಮದೂ ಕಾಗದದಾಗ ಇರಲಿ. ಬರೀರಿ."

"ಯಾರಿಗೆ ಅಂತ ಬರೀಲಿ? ಮಿಲ್ಲಿನವರಿಗೇನು?" ಎಂದು ಕೇಳಿದೆ.

"ಮಿಲ್ಲಿನವರನ್ನ ತಗೊಂಡು ನಾ ಏನು ಮಾಡ್ಲಿ? ಆಕಿಗೆ ಬರೀರಿ. ರಜಿಯಾಗ."

ಬರೆದೆ. ತಂಗಿ ರಜಿಯಾ, ನೀನು ಅಂಗಡಿಗೆ ಬಂದು ಕೇಳಿದಾಗ ನಾನು ಸುಳ್ಳು ಹೇಳಿದೆ. ಹತ್ತಿರ ಹಿಡಿದು ಹೊಡಿ, ಏನೂ ಆಗುವುದಿಲ್ಲ ಎಂದವನು ನಾನೇ. ನಿನ್ನ ಗಂಡ ಮೂರು ಸಲ ಪೈಪು ಕೇಳಿದ, ನಾನು ತರಲಿಲ್ಲ. ಮಷೀನು ನಿಲ್ಲಿಸೋಣ ಎಂದವನು ಅವನೊಬ್ಬನೇ. ಅವನು ನಿನಗೆ ಹೇಳಿದ್ದೆಲ್ಲ ಖರೆ. ಇಷ್ಟು ಬರೆದು ಸಹಿ ಮಾಡಿ ಆತನ ಕೈಗೆ ಕೊಟ್ಟೆ.

ಆತ ಹಾಳೆಯನ್ನು ತಿರುವಿ ಮುರುವಿ ನೋಡಿದ. ಮತ್ತೆ ನನ್ನ ಕೈಗೇ ಕೊಟ್ಟ. ಮೂಲೆಯ ಹೊಲಿಗೆ ಮಷೀನಿನ ಮುಂದೆ ಆಕೆ ಕೂಡುತ್ತಿದ್ದ ಸ್ಟೂಲಿನ ಕಡೆಗೆ ಮುಖ ಮಾಡಿ ನಿಂತ.

"ಆಕಿಗೆ ಓದಾಕ ಬರ್ತಿದ್ದಿಲ್ಲ ಅಣ್ಣ" ಎಂದ. "ಸ್ವಲ್ಪ ಜೋರಾಗಿ ಓದ್ರಿ."